ಅಡುಗೆಮನೆಯಿಂದ ಆಟದ ಚಾಪೆಗೆ: ಎಳೆಯ ಮಕ್ಕಳ ಇಂದ್ರಿಯಾನುಭವದ ಆಟಕ್ಕೆ ಮನೆಯಲ್ಲೇ ತಯಾರಿಸುವ ಸಾಮಗ್ರಿಗಳು

ಒಂದರಿಂದ ಆರು ವರ್ಷದೊಳಗಿನ ಮಕ್ಕಳು ವಸ್ತುಗಳ ಗುಣವನ್ನು ಮುಟ್ಟಿ, ಹಿಸುಕಿ, ಸುರಿದು, ಮೂಸಿ, ಅಲುಗಿಸಿ, ಎಷ್ಟೋ ಸಲ ಬಾಯಿಗಿಟ್ಟು ತಿಳಿಯುತ್ತಾರೆ. ಈ ತಿಳಿವಿಗೆ ತಕ್ಕ ಸಾಮಗ್ರಿಗಳನ್ನು ಯೋಚಿಸಿ ಜೋಡಿಸಿಟ್ಟು, ಮಗು ತನಗೆ ತೋಚಿದಂತೆ ಅವುಗಳಲ್ಲಿ ತೊಡಗಲು ಬಿಡುವ ಚಟುವಟಿಕೆಗೆ ಶಿಶುಶಿಕ್ಷಣದಲ್ಲಿ ‘ಸೆನ್ಸರಿ ಪ್ಲೇ’ ಎಂಬ ಹೆಸರಿದೆ. ಅದನ್ನು ಇಲ್ಲಿ ‘ಇಂದ್ರಿಯಾನುಭವದ ಆಟ’ ಎಂದು ಕರೆಯಲಾಗಿದೆ. ಇದಕ್ಕೆಂದೇ ಸಿದ್ಧಪಡಿಸಿದ ದುಬಾರಿ ಕಿಟ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆಯಾದರೂ, ಹಿಟ್ಟು, ಅಕ್ಕಿ, ಜೇಡಿಮಣ್ಣು, ಹಳೆಯ ಬಟ್ಟೆ, ನೀರು ಇವಿಷ್ಟರಿಂದಲೇ ಅವುಗಳಿಗೆ ಸರಿಸಾಟಿಯಾದ ಸಾಮಗ್ರಿಗಳನ್ನು ಮನೆಯಲ್ಲೂ ಅಂಗನವಾಡಿಯಲ್ಲೂ ತಯಾರಿಸಬಹುದು. ಆದರೆ ಮನೆಯಲ್ಲಿ ಮಾಡಿದ ಮಾತ್ರಕ್ಕೆ ಒಂದು ಸಾಮಗ್ರಿ ಸುರಕ್ಷಿತವಾಗುವುದಿಲ್ಲ. ಯಾವ ವಯಸ್ಸಿಗೆ ಯಾವುದು, ಯಾವ ಅಳತೆಯಲ್ಲಿ, ಯಾವ ಕಾರಣಕ್ಕೆ ಎಂಬುದು ತಿಳಿದಿದ್ದರೆ ಮಾತ್ರ ಅದು ಮಗುವಿನ ಕೈಗೆ ಕೊಡಲು ಯೋಗ್ಯವಾಗುತ್ತದೆ.

ಈ ಆಟದ ಹಿನ್ನೆಲೆ

ಇಂದ್ರಿಯಗಳ ಮೂಲಕ ಕಲಿಕೆ ಎಂಬ ವಿಚಾರಕ್ಕೆ ದೀರ್ಘ ಇತಿಹಾಸವಿದೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ತಮ್ಮ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟು, ಉಣ್ಣೆಯ ಚೆಂಡು, ಮರದ ಗೋಳ, ಘನ ಮುಂತಾದವನ್ನು ಕಲಿಕೆಯ ಸಾಧನಗಳಾಗಿ ರೂಪಿಸಿದರು. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ತೆರೆದ ಶಿಶುಗೃಹದಲ್ಲಿ ಒರಟು-ನುಣುಪಿನ ಹಲಗೆ, ಬಟ್ಟೆಯ ತುಂಡುಗಳ ಪೆಟ್ಟಿಗೆ, ಸದ್ದಿನ ಡಬ್ಬಿ, ವಾಸನೆಯ ಶೀಶೆಗಳಂತಹ ಸಾಮಗ್ರಿಗಳು ಬೆಳೆದುಬಂದವು. ಅವರು 1939ರಲ್ಲಿ ಮದರಾಸಿಗೆ ಬಂದು, ಮಹಾಯುದ್ಧದ ಕಾರಣದಿಂದ 1946ರವರೆಗೆ ಭಾರತದಲ್ಲೇ ಉಳಿದು, ಇಲ್ಲಿನ ಶಿಕ್ಷಕರಿಗೆ ತರಬೇತಿ ನೀಡಿದ್ದರಿಂದ ಈ ಪದ್ಧತಿ ದಕ್ಷಿಣ ಭಾರತದಲ್ಲಿ ಬೇರೂರಿತು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರವನ್ನು ಆರಂಭಿಸಿ ಮಾಂಟೆಸ್ಸರಿಯ ವಿಚಾರಗಳನ್ನು ನಮ್ಮ ನಾಡಿನ ಬದುಕಿಗೆ ಒಗ್ಗಿಸುವ ಪ್ರಯತ್ನ ಮಾಡಿದ್ದರು.

ಕರ್ನಾಟಕದ ಬದುಕಿನಲ್ಲಂತೂ ಇಂತಹ ಆಟಗಳು ಆಚರಣೆಗಳೊಳಗೇ ಸೇರಿಕೊಂಡಿವೆ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ದೊಡ್ಡವರ ಜೊತೆ ಕುಳಿತು ಜೇಡಿಮಣ್ಣಿನಲ್ಲಿ ಎತ್ತುಗಳನ್ನು ಮಾಡುತ್ತಾರೆ. ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಯ ಮೇಲೆ ಮಲಗುವ ಮಗುವಿಗೆ ಹತ್ತಾರು ನೇಯ್ಗೆಗಳ ಪರಿಚಯ ತಾನಾಗಿಯೇ ಆಗುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ರಾಜ್ಯದಲ್ಲಿ ಅದು ಮೊದಲು ನೆಲೆಗೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣ ಅದರ ಸೇವೆಗಳಲ್ಲೊಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯ ವಯಸ್ಸಿನ ಕಲಿಕೆಗೆ ಆಟವೇ ಆಧಾರವಾಗಬೇಕೆಂದು ಹೇಳುತ್ತದೆ.

ಇಂದ್ರಿಯಗಳೆಂದರೆ ಐದೇ ಎಂಬ ರೂಢಿಯ ಎಣಿಕೆಗೆ ಇನ್ನೆರಡನ್ನು ಇಲ್ಲಿ ಸೇರಿಸಿಕೊಳ್ಳಬೇಕು. ಒಳಕಿವಿಯಲ್ಲಿ ನೆಲೆಸಿರುವ ಸಮತೋಲನದ ಅರಿವು ಒಂದು; ಸ್ನಾಯು ಮತ್ತು ಕೀಲುಗಳಿಂದ ಮಿದುಳಿಗೆ ತಲುಪುವ, ಕೈಕಾಲು ಎಲ್ಲಿದೆ, ಎಷ್ಟು ಬಲ ಬೀಳುತ್ತಿದೆ ಎಂಬ ಅರಿವು ಇನ್ನೊಂದು. ಅಮೆರಿಕದ ವೃತ್ತಿಚಿಕಿತ್ಸಾ ತಜ್ಞೆ ಜೀನ್ ಏಯರ್ಸ್ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಎಲ್ಲ ಮೂಲಗಳಿಂದ ಬರುವ ಸಂವೇದನೆಗಳನ್ನು ಮಿದುಳು ಒಗ್ಗೂಡಿಸುವ ಬಗೆಯನ್ನು ವಿವರಿಸಿ, ಅದಕ್ಕೂ ಕಲಿಕೆಗೂ ಇರುವ ನಂಟನ್ನು ಚರ್ಚಿಸಿದರು. ಹಿಟ್ಟು ನಾದುವ ಮಗುವಿಗೆ ಅದರ ನುಣುಪಿನ ಜೊತೆಗೆ ತನ್ನ ಮುಷ್ಟಿಯ ಬಲವೂ ತಿಳಿಯುತ್ತದೆ. ಮುಂದೆ ಪೆನ್ಸಿಲ್ ಹಿಡಿಯಲು, ಗುಂಡಿ ಹಾಕಿಕೊಳ್ಳಲು, ತುತ್ತು ಕಲಸಿ ಉಣ್ಣಲು ಬೇಕಾಗುವುದು ಈ ಬಲ ಮತ್ತು ಹತೋಟಿಯೇ.

ಮೊದಲ ಅಳತೆಗೋಲು: ಮಗುವಿನ ಬಾಯಿ

ಯಾವ ಸಾಮಗ್ರಿಯನ್ನು ಆರಿಸುವಾಗಲೂ ಅದರ ಬಣ್ಣ ಅಥವಾ ಅಂದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಇದು ಮಗುವಿನ ಬಾಯಿಗೆ ಹೋದರೆ ಏನಾಗುತ್ತದೆ ಎಂಬುದು. ಎರಡು ವರ್ಷದೊಳಗಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದು ಸಹಜ. ಮೂರರ ಹೊತ್ತಿಗೆ ಈ ಅಭ್ಯಾಸ ಹೆಚ್ಚಿನ ಮಕ್ಕಳಲ್ಲಿ ತಗ್ಗುತ್ತದೆ, ಆದರೆ ಕೆಲವರಲ್ಲಿ ಇನ್ನೂ ಉಳಿದಿರುತ್ತದೆ. ಹಾಗಾಗಿ ವಯಸ್ಸಿನ ಜೊತೆಗೆ ಆಯಾ ಮಗುವಿನ ಅಭ್ಯಾಸವನ್ನೂ ನೋಡಿ ಸಾಮಗ್ರಿಯನ್ನು ತೀರ್ಮಾನಿಸಬೇಕು. ಈ ದೃಷ್ಟಿಯಿಂದ ಸಾಮಗ್ರಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು: ತಿಂದರೂ ಸಲ್ಲುವಂಥವು, ಒಂದಿಷ್ಟು ನಾಲಿಗೆಗೆ ತಗುಲಿದರೆ ತೊಂದರೆಯಿಲ್ಲದೆ, ಹೆಚ್ಚು ಹೋದರೆ ಅಪಾಯವಾಗುವಂಥವು, ಬಾಯಿಗೆ ಹೋಗಲೇಬಾರದಂಥವು. ಮೊದಲ ಗುಂಪು ಎರಡು ವರ್ಷದೊಳಗಿನವರಿಗೆ, ಎರಡನೆಯದು ದೊಡ್ಡವರ ಕಣ್ಣೆದುರಿನಲ್ಲಿ ಮೂರು ದಾಟಿದವರಿಗೆ ಹೊಂದುತ್ತದೆ. ಮೂರನೆಯದು ಮಕ್ಕಳ ಆಟಕ್ಕೆ ಬರಲೇಬಾರದು. ಎರಡು ಮತ್ತು ಮೂರರ ನಡುವಿನ ಮಗುವಿನ ವಿಷಯದಲ್ಲಿ ಅನುಮಾನ ಬಂದರೆ ಮೊದಲ ಗುಂಪಿಗೇ ಅಂಟಿಕೊಳ್ಳುವುದು ಒಳ್ಳೆಯದು.

ಗಾತ್ರವೂ ಅಷ್ಟೇ ಮುಖ್ಯ. ಮೂರು ವರ್ಷದೊಳಗಿನವರ ಆಟಿಕೆಗಳಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಸಣ್ಣ ಭಾಗಗಳಿವೆಯೇ ಎಂದು ಪರೀಕ್ಷಿಸಲು 31.7 ಮಿಲಿಮೀಟರ್ ಒಳವ್ಯಾಸದ ಸಿಲಿಂಡರ್ ಬಳಸುವುದು ಆಟಿಕೆ ತಯಾರಿಕೆಯ ಸುರಕ್ಷತಾ ಮಾನದಂಡಗಳಲ್ಲಿ ಇರುವ ಕ್ರಮ. ಮನೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರಕ್ಕಾಗಿ ದಪ್ಪ ಕಾಗದವನ್ನು ಸುತ್ತಿ 4 ಸೆಂಟಿಮೀಟರ್ ಅಗಲದ ಕೊಳವೆ ಮಾಡಿಟ್ಟುಕೊಂಡು, ಅದರೊಳಗೆ ತೂರಿಹೋಗುವ ಯಾವ ಗಟ್ಟಿ ವಸ್ತುವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ಕೊಡದಿರುವುದು ಸರಳ ಉಪಾಯ. ಶೇಂಗಾ, ಕಡಲೆ, ಬಟಾಣಿ, ಹುಣಸೆಬೀಜಗಳು ಉಸಿರಿನ ನಾಳಕ್ಕೆ ಇಳಿಯಬಲ್ಲವು. ಮೂಗಿಗೆ ಅಥವಾ ಕಿವಿಗೆ ತುರುಕಿಕೊಂಡ ಕಾಳು ಅಲ್ಲಿನ ತೇವ ಹೀರಿ ಉಬ್ಬಿ, ತೆಗೆಯುವುದನ್ನು ಕಷ್ಟವಾಗಿಸುತ್ತದೆ.

ಎರಡು ವರ್ಷದೊಳಗಿನವರಿಗೆ: ತಿಂದರೂ ಸಲ್ಲುವ ಸಾಮಗ್ರಿಗಳು

ಈ ವಯಸ್ಸಿಗೆ ಒಪ್ಪುವ ಹೆಚ್ಚಿನ ಸಾಮಗ್ರಿಗಳು ಮಗುವಿನ ಊಟದಲ್ಲೇ ಇವೆ. ಮಗುವಿಗೆ ಉಣಿಸುವ ರಾಗಿ ಸರಿಯನ್ನು ಸ್ವಲ್ಪ ಗಟ್ಟಿಯಾಗಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಅಗಲವಾದ ತಟ್ಟೆಯಲ್ಲಿ ಹರಡಿದರೆ ಮಗು ಅದರಲ್ಲಿ ಬೆರಳಾಡಿಸಿ ಗೆರೆ ಎಳೆಯಬಹುದು, ಅಂಗೈಯಿಂದ ಬಡಿಯಬಹುದು, ನೆಕ್ಕಲೂಬಹುದು. ಗಟ್ಟಿ ಮೊಸರನ್ನು ಮೂರು ಬಟ್ಟಲಿಗೆ ಹಂಚಿ, ಒಂದಕ್ಕೆ ಬೇಯಿಸಿದ ಬೀಟ್‌ರೂಟಿನ ರಸ, ಇನ್ನೊಂದಕ್ಕೆ ಚಿಟಿಕೆ ಅರಿಶಿನ, ಮತ್ತೊಂದಕ್ಕೆ ಬೇಯಿಸಿ ಅರೆದ ಪಾಲಕ್ ಸೊಪ್ಪು ಬೆರೆಸಿದರೆ ಬೆರಳಿನಿಂದ ಬಳಿಯುವ ಬಣ್ಣ ಸಿದ್ಧವಾಗುತ್ತದೆ. ಸಣ್ಣ ಸಬ್ಬಕ್ಕಿಯನ್ನು ನೆನೆಸಿ, ಪಾರದರ್ಶಕವಾಗಿ ಮೆತ್ತಗಾಗುವವರೆಗೆ ಬೇಯಿಸಿ, ಹಿಸುಕಿದರೆ ಲೋಳೆಯಾಗಿ ಜಾರುವ ವಿಶಿಷ್ಟ ಸ್ಪರ್ಶ ದೊರೆಯುತ್ತದೆ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಗಟ್ಟಿಯಾಗಿಸಿ, ತಂಪು ಮಾಡಿ, ಕಡೆಗೋಲು ಅಥವಾ ಬೀಟರ್‌ನಿಂದ ಚೆನ್ನಾಗಿ ಕಡೆದರೆ ಸಾಬೂನಿನಂತೆ ನೊರೆ ಬರುತ್ತದೆ. ಅದರಲ್ಲಿನ ಪ್ರೋಟೀನು ಮತ್ತು ಪಿಷ್ಟಗಳು ಗಾಳಿಯ ಗುಳ್ಳೆಗಳನ್ನು ಹಿಡಿದಿಡುವುದೇ ಇದಕ್ಕೆ ಕಾರಣ. ಕಣ್ಣಿಗೆ ಬಿದ್ದರೂ ಸಾಬೂನಿನಷ್ಟು ಉರಿಸದ ಈ ನೊರೆ ಎಳೆಯರ ಆಟಕ್ಕೆ ಚೆನ್ನಾಗಿ ಒದಗುತ್ತದೆ.

ಮಲೆನಾಡಿನಲ್ಲಿ ಅಕ್ಕಿರೊಟ್ಟಿಗೆ, ಕಡುಬಿಗೆ ಹಿಟ್ಟು ಉಕ್ಕರಿಸುವ ಕ್ರಮವನ್ನು ಉಪ್ಪಿಲ್ಲದೆ ಅನುಸರಿಸಿದರೆ ಎಳೆಯರ ಕೈಗೆ ಒಪ್ಪುವ ಮುದ್ದೆ ದೊರೆಯುತ್ತದೆ. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಎಣ್ಣೆ ಹಾಕಿ ಕುದಿಸಿ, ಅಷ್ಟೇ ಪ್ರಮಾಣದ ಅಕ್ಕಿಹಿಟ್ಟನ್ನು ಸುರಿದು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಆರಿದ ನಂತರ ನಾದಬೇಕು. ಅಕ್ಕಿಯಲ್ಲಿ ಗೋಧಿಯ ಹಿಗ್ಗುವ ಗುಣವಿಲ್ಲ. ಆದರೆ ಬಿಸಿನೀರಿನಲ್ಲಿ ಪಿಷ್ಟದ ಕಣಗಳು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಿಟ್ಟು ಮುದ್ದೆಯಾಗುತ್ತದೆ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು ಇರಬಹುದಾದ್ದರಿಂದ, ಬಾಯಿಗಿಡುವ ಮಕ್ಕಳಿಗೆ ಬೇಯಿಸಿದ ಹಿಟ್ಟೇ ಸರಿಯಾದ ಆಯ್ಕೆ. ಒಂದು ವರ್ಷ ತುಂಬದ ಮಗುವಿನ ಯಾವ ಸಾಮಗ್ರಿಗೂ ಜೇನುತುಪ್ಪ ಸೇರಿಸಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ಶಿಶುಗಳಿಗೆ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಸಾಧ್ಯತೆಯಿದೆ. ಮೊದಲ ಬಾರಿ ಬಳಸುವ ಆಹಾರವಸ್ತುವನ್ನು ಮಗು ಅದಾಗಲೇ ತಿಂದು ಒಗ್ಗಿಸಿಕೊಂಡಿದೆಯೇ ಎಂಬುದನ್ನೂ, ಅಲರ್ಜಿಯ ಕಾರಣಕ್ಕಾಗಿ, ನೋಡಿಕೊಳ್ಳಬೇಕು. ಆಟ ಮುಗಿದ ಕೂಡಲೇ ಈ ಸಾಮಗ್ರಿಗಳನ್ನು ತೆಗೆದುಹಾಕಬೇಕೇ ಹೊರತು ಮರುದಿನಕ್ಕೆ ಉಳಿಸಿಕೊಳ್ಳಬಾರದು.

ಮೂರು ದಾಟಿದವರಿಗೆ: ಬಾಳಿಕೆಯ ಹಿಟ್ಟಿನ ಮುದ್ದೆ

ಅಂಗಡಿಗಳಲ್ಲಿ ದೊರೆಯುವ ‘ಪ್ಲೇ-ಡೋ’ ಎಂಬ ಹಿಟ್ಟು ಮೂಲದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಗೋಡೆಗೆ ಅಂಟಿಸಿದ ಕಾಗದದ ಮಸಿ ಒರೆಸಲು ತಯಾರಾಗುತ್ತಿದ್ದ ವಸ್ತು. 1950ರ ದಶಕದಲ್ಲಿ ಅದು ಮಕ್ಕಳ ಆಟಿಕೆಯಾಯಿತು. ಅದರ ಮನೆಯ ರೂಪಕ್ಕೆ ಬೇಕಾದವು: ಮೈದಾಹಿಟ್ಟು 2 ಲೋಟ, ಪುಡಿ ಉಪ್ಪು ಮುಕ್ಕಾಲು ಲೋಟ, ನೀರು 2 ಲೋಟ, ಅಡುಗೆ ಎಣ್ಣೆ 2 ದೊಡ್ಡ ಚಮಚ, ನಿಂಬೆರಸ 2 ದೊಡ್ಡ ಚಮಚ. ಎಲ್ಲವನ್ನೂ ದಪ್ಪ ತಳದ ಬಾಣಲೆಯಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮಿಶ್ರಣ ಗಟ್ಟಿಯಾಗಿ, ಬಾಣಲೆಯ ತಳ ಬಿಟ್ಟು ಉಂಡೆ ಕಟ್ಟುತ್ತದೆ. ಆಗ ಕೆಳಗಿಳಿಸಿ, ಒಳಗಿನ ಬಿಸಿ ಪೂರ್ಣವಾಗಿ ಆರಿದ ಮೇಲೆ ನುಣುಪಾಗುವವರೆಗೆ ನಾದಬೇಕು. ಹೊರಮೈ ತಣ್ಣಗಾಗಿದ್ದರೂ ಉಂಡೆಯ ನಡುವೆ ಬಿಸಿ ಉಳಿದಿರುತ್ತದೆ ಎಂಬುದು ಇಲ್ಲಿ ಮರೆಯಬಾರದ ಸಂಗತಿ.

ಪ್ರತಿಯೊಂದು ಪದಾರ್ಥಕ್ಕೂ ಇಲ್ಲಿ ನಿಶ್ಚಿತ ಕೆಲಸವಿದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಮುದ್ದೆಗೆ ಹಿಗ್ಗುವ ಗುಣ ಕೊಡುತ್ತದೆ. ಉಪ್ಪು ತೇವವನ್ನು ಹಿಡಿದಿಟ್ಟು ಬೂಷ್ಟು ಬೆಳೆಯದಂತೆ ತಡೆಯುತ್ತದೆ. ಎಣ್ಣೆ ಕೈಗೆ ಅಂಟದಂತೆ ಮಾಡುತ್ತದೆ. ನಿಂಬೆಯ ಆಮ್ಲ ಮುದ್ದೆಯನ್ನು ಮೃದುವಾಗಿಸಿ ಬಾಳಿಕೆ ಹೆಚ್ಚಿಸುತ್ತದೆ. ಆದ್ದರಿಂದ ಬಿರುಕು ಬಿಟ್ಟರೆ ಕೆಲವು ಹನಿ ನೀರು, ಜಿಗುಟಾದರೆ ಒಂದಿಷ್ಟು ಹಿಟ್ಟು ಸೇರಿಸಿ ಸರಿಪಡಿಸಬಹುದು. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಇದು ಕೆಲವು ವಾರ ಉಳಿಯುತ್ತದೆ, ಆದರೆ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬೇಗ ಬೂಷ್ಟು ಹಿಡಿಯುವುದರಿಂದ ಫ್ರಿಜ್‌ನಲ್ಲಿಡುವುದು ಮೇಲು. ವಾಸನೆ ಬದಲಾದ, ಮೇಲೆ ಚುಕ್ಕೆ ಮೂಡಿದ ಮುದ್ದೆಯನ್ನು ಎಸೆಯಲೇಬೇಕು.

ಈ ಮುದ್ದೆ ಎರಡನೆಯ ಗುಂಪಿಗೆ ಸೇರುತ್ತದೆ. ಒಂದು ಸಲ ನೆಕ್ಕಿದ ಮಗು ಅದರ ಉಪ್ಪಿನ ರುಚಿಗೆ ಸಾಮಾನ್ಯವಾಗಿ ಉಗುಳುತ್ತದೆ, ಆದರೆ ಹೆಚ್ಚು ತಿಂದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಮನೆಯಲ್ಲಿ ನಾಯಿಯಿದ್ದರೆ ಅದಕ್ಕೂ ಎಟುಕದಂತೆ ಇಡಬೇಕು, ಏಕೆಂದರೆ ಉಪ್ಪಿನ ಹಿಟ್ಟು ನಾಯಿಗಳಿಗೆ ಪ್ರಾಣಾಪಾಯ ತರಬಲ್ಲದು. ಕೈಯಲ್ಲಿ ಗಾಯವಿರುವ ಮಗುವಿಗೆ ಉಪ್ಪು ಉರಿಯುವುದರಿಂದ ಆ ದಿನ ಬೇರೆ ಆಟವನ್ನು ಆರಿಸಬೇಕು. ಮುದ್ದೆಯ ಜೊತೆಗೆ ಚಿಕ್ಕ ಲಟ್ಟಣಿಗೆ, ಮಣೆ, ಚಕ್ಕುಲಿ ಒರಳು, ಬಳೆ, ಬಾಚಣಿಗೆಗಳನ್ನು ಇಟ್ಟರೆ ಮಗು ಲಟ್ಟಿಸಿ, ಒತ್ತಿ, ಗೆರೆ ಮೂಡಿಸಿ ತಾನೇ ಹೊಸ ಬಳಕೆಗಳನ್ನು ಕಂಡುಕೊಳ್ಳುತ್ತದೆ.

ಉದುರುದುರಾಗಿದ್ದೂ ಒತ್ತಿದರೆ ಅಚ್ಚಾಗುವ ಇನ್ನೊಂದು ಬಗೆಯ ಹಿಟ್ಟಿದೆ. ರಾಗಿ ಹುರಿಹಿಟ್ಟು 8 ಭಾಗಕ್ಕೆ ಅಡುಗೆ ಎಣ್ಣೆ 1 ಭಾಗ ಸೇರಿಸಿ, ಎಣ್ಣೆ ಎಲ್ಲ ಕಡೆಗೂ ಹರಡುವಂತೆ ಕೈಯಿಂದ ಉಜ್ಜಿ ಬೆರೆಸಿದರೆ ಅದು ಸಿದ್ಧವಾಗುತ್ತದೆ. ಇದಕ್ಕೆ ಖನಿಜತೈಲದಿಂದ ತಯಾರಾದ ಬೇಬಿ ಆಯಿಲ್ ಬಳಸುವ ರೂಢಿ ಕೆಲವೆಡೆ ಇದ್ದರೂ, ಅಂತಹ ತೈಲ ಶ್ವಾಸಕೋಶಕ್ಕಿಳಿದರೆ ಹಾನಿ ಮಾಡುವುದರಿಂದ ಅಡುಗೆ ಎಣ್ಣೆಯನ್ನೇ ಬಳಸಬೇಕು.

ದ್ರವವೋ ಘನವೋ: ಕಾರ್ನ್‌ಫ್ಲೋರ್ ಮಿಶ್ರಣ

ಎರಡು ಭಾಗ ಕಾರ್ನ್‌ಫ್ಲೋರಿಗೆ ಒಂದು ಭಾಗ ನೀರು ಬೆರೆಸಿದಾಗ ದೊರೆಯುವ ಮಿಶ್ರಣ ವಿಚಿತ್ರವಾಗಿ ವರ್ತಿಸುತ್ತದೆ. ಅಂಗೈಯಲ್ಲಿ ಸುಮ್ಮನೆ ಹಿಡಿದರೆ ಬೆರಳ ಸಂದಿನಿಂದ ಹರಿದುಹೋಗುತ್ತದೆ. ಮುಷ್ಟಿ ಬಿಗಿದರೆ ಅಥವಾ ಗುದ್ದಿದರೆ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ನಿಧಾನವಾಗಿ ಅಲುಗಿಸಿದಾಗ ಪಿಷ್ಟದ ಕಣಗಳ ನಡುವೆ ನೀರು ಸರಿದಾಡಲು ಅವಕಾಶವಿದ್ದು ಅವು ಜಾರುತ್ತವೆ. ಥಟ್ಟನೆ ಒತ್ತಿದಾಗ ಕಣಗಳು ಒಂದಕ್ಕೊಂದು ಒತ್ತರಿಸಿ ಸಿಕ್ಕಿಬೀಳುತ್ತವೆ. ಒತ್ತಡಕ್ಕೆ ತಕ್ಕಂತೆ ಹರಿಯುವ ಗುಣ ಬದಲಾಗುವ ಇಂತಹ ದ್ರವಗಳನ್ನು ಭೌತಶಾಸ್ತ್ರದಲ್ಲಿ ‘ನ್ಯೂಟೋನಿಯನ್ ಅಲ್ಲದ ದ್ರವ’ಗಳೆಂದು ಕರೆಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವ ನುಣ್ಣನೆಯ ಬಿಳಿ ಪುಡಿ ಮೆಕ್ಕೆಜೋಳದ ಪಿಷ್ಟ. ಮೆಕ್ಕೆಜೋಳವನ್ನೇ ಬೀಸಿದ ಹಳದಿ ಹಿಟ್ಟಿನಲ್ಲಿ ನಾರು ಮತ್ತು ಇತರ ಅಂಶಗಳೂ ಇರುವುದರಿಂದ ಅದಕ್ಕೆ ಈ ಗುಣ ಬರುವುದಿಲ್ಲ. ಆಟ ಮುಗಿದ ಮೇಲೆ ಮಿಶ್ರಣವನ್ನು ಸಿಂಕಿಗೆ ಸುರಿದರೆ ಪಿಷ್ಟ ತಳಕ್ಕಿಳಿದು ಕೊಳವೆ ಕಟ್ಟಿಕೊಳ್ಳುತ್ತದೆ. ಒಣಗಲು ಬಿಟ್ಟು, ಪುಡಿಯನ್ನು ಕಸದ ಬುಟ್ಟಿಗೆ ಹಾಕಬೇಕು. ಪುಡಿಯನ್ನು ಕಲಸುವ ಕೆಲಸ ದೊಡ್ಡವರದ್ದಾಗಿರಲಿ, ಏಕೆಂದರೆ ನುಣ್ಣನೆಯ ಪುಡಿ ಹಾರಿ ಮಗುವಿನ ಉಸಿರಿಗೆ ಹೋಗಬಾರದು.

ಕಾಳು-ಅಕ್ಕಿಯ ತಟ್ಟೆ ಮತ್ತು ಅನ್ನದ ಗೌರವ

ಅಗಲವಾದ ಪರಾತ ಅಥವಾ ಬೋಗುಣಿಯಲ್ಲಿ ಧಾನ್ಯ ತುಂಬಿ, ಲೋಟ, ಸೌಟು, ಜರಡಿ, ಲಾಳಿಕೆಗಳನ್ನು ಜೊತೆಗಿಟ್ಟರೆ ಮೂರು ದಾಟಿದ ಮಕ್ಕಳು ತುಂಬಿ, ಸುರಿದು, ಜರಡಿಯಾಡಿ ಬಹಳ ಹೊತ್ತು ತಲ್ಲೀನರಾಗುತ್ತಾರೆ. ಮನೆಯಲ್ಲಿ ಹಳೆಯ ಸೇರು, ಪಾವುಗಳಿದ್ದರೆ ಅವು ಇಲ್ಲಿ ಉತ್ತಮ ಸಾಧನಗಳಾಗುತ್ತವೆ. ನಾಲ್ಕು ಪಾವು ಸುರಿದಾಗ ಸೇರು ತುಂಬುವುದನ್ನು ಕೈಯಾರೆ ಕಂಡ ಮಗುವಿಗೆ ಭಾಗ ಮತ್ತು ಪೂರ್ಣದ ಕಲ್ಪನೆ ಅಂಕಿಗಳಿಗಿಂತ ಮೊದಲೇ ಮೂಡುತ್ತದೆ. ಬಣ್ಣದ ಅಕ್ಕಿಗಾಗಿ, ಮಂತ್ರಾಕ್ಷತೆ ಮಾಡುವ ಕ್ರಮದಲ್ಲೇ ಒಂದು ಲೋಟ ಅಕ್ಕಿಗೆ ಅರಿಶಿನ ಮತ್ತು ಕೆಲವು ಹನಿ ಎಣ್ಣೆ ಹಾಕಿ ಉಜ್ಜಬಹುದು. ಬೇರೆ ಬಣ್ಣ ಬೇಕಾದರೆ ಒಂದು ಸಣ್ಣ ಚಮಚ ವಿನೆಗರಿನಲ್ಲಿ ಆಹಾರದ ಬಣ್ಣ ಕದಡಿ, ಅಕ್ಕಿಗೆ ಬೆರೆಸಿ, ಕಾಗದದ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬೇಕು.

ಅನ್ನವನ್ನು ದೇವರೆಂದು ಕಾಣುವ ಮನೆಗಳಲ್ಲಿ ಆಹಾರಧಾನ್ಯವನ್ನು ಆಟಕ್ಕೆ ಬಳಸುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ, ಮತ್ತು ಅದನ್ನು ಗೌರವದಿಂದ ಪರಿಗಣಿಸಬೇಕು. ಬಣ್ಣದ ಅಕ್ಕಿಯನ್ನು ಬೇವಿನ ಒಣ ಎಲೆಗಳೊಡನೆ ಡಬ್ಬಿಯಲ್ಲಿಟ್ಟು ತಿಂಗಳುಗಟ್ಟಲೆ ಮತ್ತೆ ಮತ್ತೆ ಬಳಸುವುದು ಒಂದು ದಾರಿ. ಹುಳು ಹಿಡಿದು ಅಡುಗೆಗೆ ಬಾರದ ಧಾನ್ಯವನ್ನು ಜರಡಿಯಾಡಿ, ಬಿಸಿಲಿಗೆ ಒಣಗಿಸಿ ಬಳಸುವುದು ಇನ್ನೊಂದು ದಾರಿ. ದನಕರು ಇರುವ ಮನೆಗಳಲ್ಲಿ ಗೋಧಿ ಬೂಸಾ ಎಲ್ಲಕ್ಕಿಂತ ಅನುಕೂಲ. ಹಗುರವಾಗಿ, ಮೆತ್ತಗಾಗಿ ಇರುವ ಬೂಸಾ ಆಟದ ನಂತರ ಕೊಟ್ಟಿಗೆಗೆ ಸೇರುತ್ತದೆ. ಭತ್ತದ ಹೊಟ್ಟು ಮಾತ್ರ ಬೇಡ, ಅದರ ಚೂಪು ಅಂಚುಗಳು ಕಣ್ಣು ಮತ್ತು ಚರ್ಮಕ್ಕೆ ಚುಚ್ಚುತ್ತವೆ.

ಮಣ್ಣು ಮತ್ತು ನೀರು

ಕುಂಬಾರರು ಬಳಸುವ ಜೇಡಿಮಣ್ಣು ಮಕ್ಕಳ ಕೈಗೆ ಒದಗುವ ಅತ್ಯುತ್ತಮ ಸಾಮಗ್ರಿಗಳಲ್ಲೊಂದು, ಏಕೆಂದರೆ ಹಿಟ್ಟಿಗಿಂತ ಹೆಚ್ಚಿನ ಬಲ ಬೇಡುವ ಅದು ತೋಳು ಮತ್ತು ಭುಜಗಳಿಗೂ ಕೆಲಸ ಕೊಡುತ್ತದೆ. ಕೆರೆಯ ಮಣ್ಣನ್ನು ತಂದರೆ ಒಣಗಿಸಿ, ಕುಟ್ಟಿ, ಜರಡಿಯಾಡಿ, ಗಾಜಿನ ಚೂರು, ಕಲ್ಲುಗಳನ್ನು ಬೇರ್ಪಡಿಸಿ, ನೀರಿನಲ್ಲಿ ನೆನೆಸಿ ತುಳಿದು ಹದಗೊಳಿಸಬೇಕು. ಹಳೆಯ ಕಟ್ಟಡಗಳ ಬುಡದ ಮಣ್ಣಿನಲ್ಲಿ ಬಣ್ಣದಿಂದ ಉದುರಿದ ಸೀಸ ಇರಬಹುದು. ನಾಯಿ-ಬೆಕ್ಕು ಓಡಾಡುವ ಜಾಗದ ಮರಳಿನಲ್ಲಿ ಹುಳುಗಳ ಮೊಟ್ಟೆಗಳಿರಬಹುದು. ಅಂತಹ ಮಣ್ಣನ್ನು ದೂರವಿಟ್ಟು, ಶುದ್ಧ ಮರಳನ್ನೂ ತೆಳುವಾಗಿ ಹರಡಿ ಹಲವು ದಿನ ಕಡುಬಿಸಿಲಿಗೆ ಒಡ್ಡಿ, ಬಳಸದಿದ್ದಾಗ ಮುಚ್ಚಿಡಬೇಕು. ಮಣ್ಣಾಟವಾಡುವ ಮಕ್ಕಳ ಉಗುರು ಕತ್ತರಿಸಿರಬೇಕು. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬಾರದು.

ನೀರಿನ ಆಟಕ್ಕೆ ಖರ್ಚಿಲ್ಲ, ಆದರೆ ಎಚ್ಚರ ಹೆಚ್ಚು ಬೇಕು. ಕೆಲವೇ ಸೆಂಟಿಮೀಟರ್ ಆಳದ ನೀರಿನಲ್ಲೂ ಎಳೆಯ ಮಗು ಮುಳುಗಬಹುದು. ತುಂಬಿದ ಬಕೆಟ್ಟಿನೊಳಕ್ಕೆ ತಲೆ ಬಗ್ಗಿದ ಮಗು ತಾನಾಗಿ ಮೇಲೇಳಲಾರದು. ಆದ್ದರಿಂದ ಅಗಲವಾದ, ಆಳವಿಲ್ಲದ ಪಾತ್ರೆಯನ್ನೇ ಬಳಸಿ, ಆಟದುದ್ದಕ್ಕೂ ಕೈಯಳತೆಯ ದೂರದಲ್ಲಿ ದೊಡ್ಡವರೊಬ್ಬರು ಕುಳಿತಿದ್ದು, ಮುಗಿದೊಡನೆ ನೀರನ್ನು ಗಿಡಕ್ಕೆ ಸುರಿಯಬೇಕು. ತೇಲುವ ಎಲೆ, ಮುಳುಗುವ ಚಮಚ, ನೀರು ಹೀರುವ ಬಟ್ಟೆ, ಹೀರದ ಪ್ಲಾಸ್ಟಿಕ್ ಇವುಗಳ ಹೋಲಿಕೆ ಮಗುವಿಗೆ ವಿಜ್ಞಾನದ ಮೊದಲ ಪರೀಕ್ಷೆಗಳಾಗುತ್ತವೆ.

ಬಟ್ಟೆ, ಸದ್ದು, ವಾಸನೆ

ಬಾಳಿಕೆ ಬರುವ, ಯಾವ ವಯಸ್ಸಿಗೂ ಹೊಂದುವ ಸಾಮಗ್ರಿಯೆಂದರೆ ಬಟ್ಟೆಯದು. ಗೋಣಿಚೀಲ, ಕಂಬಳಿ, ಮಲ್ಲುಬಟ್ಟೆ, ರೇಷ್ಮೆ, ಖಣ, ವೆಲ್ವೆಟ್, ಟರ್ಕಿ ಟವೆಲ್ಲುಗಳ ಅಂಗೈಯಗಲದ ತುಂಡುಗಳನ್ನು ತಲಾ ಎರಡರಂತೆ ಕತ್ತರಿಸಿ, ಅಂಚು ಮಡಿಸಿ ಹೊಲಿದರೆ ಜೋಡಿ ಹುಡುಕುವ ಆಟ ಸಿದ್ಧ. ನಾಲ್ಕು ದಾಟಿದ ಮಗು ಚೀಲದೊಳಗೆ ಕೈಹಾಕಿ, ನೋಡದೆ, ಸ್ಪರ್ಶದಿಂದಲೇ ಜೋಡಿ ಗುರುತಿಸಬಲ್ಲದು. ದೃಷ್ಟಿದೋಷವಿರುವ ಮಕ್ಕಳಿಗೆ ಈ ಆಟ ಬ್ರೈಲ್ ಓದಿಗೆ ಬೇಕಾದ ಬೆರಳಿನ ಸೂಕ್ಷ್ಮತೆಯನ್ನು ಬೆಳೆಸಲು ನೆರವಾಗುತ್ತದೆ.

ಸದ್ದಿನ ಡಬ್ಬಿಗಳಿಗೆ ಒಳಗಿನದು ಕಾಣದ, ಒಂದೇ ಗಾತ್ರದ ಆರು ಡಬ್ಬಿಗಳು ಸಾಕು. ಎರಡರಲ್ಲಿ ರಾಗಿ, ಎರಡರಲ್ಲಿ ಹೆಸರುಕಾಳು, ಎರಡರಲ್ಲಿ ಹುಣಸೆಬೀಜ ಹಾಕಿ, ಮುಚ್ಚಳವನ್ನು ಗಟ್ಟಿ ಅಂಟಿನಿಂದ ಅಂಟಿಸಿ, ಮೇಲೆ ಟೇಪು ಸುತ್ತಬೇಕು. ಪ್ರತಿ ಸಲ ಕೊಡುವ ಮುನ್ನ ಮುಚ್ಚಳವನ್ನು ಎಳೆದು ನೋಡಬೇಕು. ಮೂಸಿ ಗುರುತಿಸುವ ಆಟಕ್ಕೆ ಲಾವಂಚದ ಬೇರು, ಯಾಲಕ್ಕಿ, ಜೀರಿಗೆ, ಕಾಫಿಪುಡಿ, ದವನ, ಮರುಗಗಳನ್ನು ಬೇರೆ ಬೇರೆಯಾಗಿ ತೆಳು ಬಟ್ಟೆಯಲ್ಲಿ ಕಟ್ಟಿ ಹೊಲಿಯಬಹುದು. ಕರ್ಪೂರ ಮತ್ತು ನುಸಿಗುಳಿಗೆಗಳನ್ನು ಇದಕ್ಕೆ ಬಳಸಲೇಬಾರದು. ಕರ್ಪೂರ ಸ್ವಲ್ಪ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೂ ಮಕ್ಕಳಲ್ಲಿ ಫಿಟ್ಸ್ ಬರಬಹುದು, ನುಸಿಗುಳಿಗೆ ವಿಷ.

ಬಣ್ಣದ ಆಯ್ಕೆ

ಅರಿಶಿನ, ಬೀಟ್‌ರೂಟ್, ಪಾಲಕ್, ಶಂಖಪುಷ್ಪ ಇವು ಮನೆಯಲ್ಲೇ ದೊರೆಯುವ ಬಣ್ಣಗಳು. ಅರಿಶಿನದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕೆಂಪಾಗುತ್ತದೆ, ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಬಿದ್ದರೆ ನೇರಳೆಯಾಗುತ್ತದೆ. ಆಮ್ಲ ಅಥವಾ ಕ್ಷಾರ ಸೋಕಿದಾಗ ಬಣ್ಣ ಬದಲಿಸುವ ಇಂತಹ ವಸ್ತುಗಳಿಗೆ ‘ಸೂಚಕ’ಗಳೆಂದು ಹೆಸರು. ಆರತಿಯ ಓಕುಳಿ ಕೆಂಪಾಗುವುದೂ ಇದೇ ಕಾರಣದಿಂದ, ಆದರೆ ಅದರಲ್ಲಿ ಬಳಸುವ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತಾಗಬಹುದಾದ್ದರಿಂದ ಮಕ್ಕಳ ಆಟಕ್ಕೆ ಸೋಡಾ ಮಾತ್ರ ಸಲ್ಲುತ್ತದೆ. ಬಿಡಿಯಾಗಿ ಮಾರುವ ಹೊಳಪಿನ ಅರಿಶಿನದಲ್ಲಿ ಸೀಸದ ಕಲಬೆರಕೆಯ ಸಾಧ್ಯತೆ ಇರುವುದರಿಂದ ನಂಬಿಕೆಯ ಮೂಲದ ಅರಿಶಿನವನ್ನೇ ತರಬೇಕು. ಕೊಂಡ ಬಣ್ಣವಾದರೆ ಆಹಾರಕ್ಕೆ ಅನುಮತಿಯಿರುವುದಾಗಿ ನಮೂದಿಸಿದ್ದೇ ಆಗಿರಬೇಕು; ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ಬಳಕೆಯಾಗುತ್ತಿದ್ದ ರೋಡಮೈನ್-ಬಿ ಎಂಬ ಬಣ್ಣವನ್ನು ಕರ್ನಾಟಕ ಸರ್ಕಾರ 2024ರಲ್ಲಿ ನಿಷೇಧಿಸಿದ್ದು, ಬಿಡಿ ಬಣ್ಣಗಳ ಬಗ್ಗೆ ಇರಬೇಕಾದ ಎಚ್ಚರವನ್ನು ನೆನಪಿಸುತ್ತದೆ.

ದೂರವಿಡಬೇಕಾದ ವಸ್ತುಗಳು

ನೋಡಲು ಆಕರ್ಷಕವಾದರೂ ಆಟಕ್ಕೆ ಸಲ್ಲದ ವಸ್ತುಗಳನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳಬೇಕು:

- ಗುಲಗಂಜಿ: ಕೆಂಪು-ಕಪ್ಪು ಬಣ್ಣದ ಈ ಬೀಜದಲ್ಲಿ ಏಬ್ರಿನ್ ಎಂಬ ಘೋರ ವಿಷವಿದೆ. ಚೆನ್ನೆಮಣೆಗೆ ಬಳಸುವ ಮಂಜೊಟ್ಟಿಯೊಡನೆ ಇದನ್ನು ಬೆರೆಸಬಾರದು.
- ಹರಳುಬೀಜ, ದತ್ತೂರಿ, ಕಣಗಿಲೆ: ಇವು ಮೂರೂ ವಿಷಕಾರಿ, ಹೂವು-ಎಲೆಗಳ ಆಟಕ್ಕೆ ದಾಸವಾಳ, ಗುಲಾಬಿ, ಸೇವಂತಿಗೆ ಸಾಕು.
- ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳು: ನುಂಗಿದರೆ ಕರುಳಿನೊಳಗೆ ಹಲವು ಪಟ್ಟು ಹಿಗ್ಗಿ ದಾರಿ ಕಟ್ಟಿಬಿಡುತ್ತವೆ.
- ಬೊರಾಕ್ಸ್ ಬೆರೆಸಿದ ಸ್ಲೈಮ್: ಬೋರಾನಿನ ಸಂಯುಕ್ತವಾದ ಬೊರಾಕ್ಸ್ ಚರ್ಮವನ್ನು ಕೆರಳಿಸುತ್ತದೆ, ಹೊಟ್ಟೆಗೆ ಹೋದರೆ ವಿಷವಾಗುತ್ತದೆ.
- ರಂಗೋಲಿ ಪುಡಿ, ಟಾಲ್ಕಂ ಪೌಡರ್: ಕಲ್ಲಿನಿಂದ ಮಾಡಿದ ಸೂಕ್ಷ್ಮ ಪುಡಿ ಶ್ವಾಸಕೋಶಕ್ಕೆ ಹಾನಿಕರ.
- ಪ್ಲಾಸ್ಟರ್ ಆಫ್ ಪ್ಯಾರಿಸ್: ಗಟ್ಟಿಯಾಗುವಾಗ ಹುಟ್ಟುವ ಶಾಖ ಅದರೊಳಗಿಟ್ಟ ಕೈಯನ್ನು ಸುಡಬಲ್ಲದು.
- ಗುಂಡಿ ಬ್ಯಾಟರಿ ಮತ್ತು ಸಣ್ಣ ಅಯಸ್ಕಾಂತಗಳು: ನುಂಗಿದ ಗುಂಡಿ ಬ್ಯಾಟರಿ ಅನ್ನನಾಳವನ್ನು ಎರಡೇ ಗಂಟೆಗಳಲ್ಲಿ ಸುಡಬಹುದು. ಅಂತಹ ಅನುಮಾನ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದೊಡ್ಡವರ ಪಾತ್ರ

ಸಾಮಗ್ರಿ ಎಷ್ಟೇ ಚೆನ್ನಾಗಿದ್ದರೂ ಅದರ ಫಲ ಹೆಚ್ಚುವುದು ಪಕ್ಕದಲ್ಲಿ ಕುಳಿತ ದೊಡ್ಡವರ ನಡವಳಿಕೆಯಿಂದ. ಹೀಗೆ ಮಾಡು, ಹಾಗೆ ಮಾಡು ಎಂದು ನಿರ್ದೇಶಿಸುವುದನ್ನು ಬಿಟ್ಟು, ಮಗು ಮಾಡುತ್ತಿರುವುದಕ್ಕೆ ಮಾತು ಕೊಡುವುದು ಇಲ್ಲಿನ ಮುಖ್ಯ ಕೆಲಸ. ನುಣುಪು, ಒರಟು, ತರಿತರಿ, ಜಿಗುಟು, ಗರಿಗರಿ, ಲೋಳೆ, ಬೆಚ್ಚಗೆ, ತಣ್ಣಗೆ, ಹಗುರ, ಭಾರ ಎಂಬ ಪದಗಳು ಆಯಾ ಸ್ಪರ್ಶದ ಗಳಿಗೆಯಲ್ಲೇ ಕಿವಿಗೆ ಬಿದ್ದರೆ ಮಗುವಿನ ನುಡಿಯಲ್ಲಿ ಗಟ್ಟಿಯಾಗಿ ನೆಲೆಯೂರುತ್ತವೆ. ಕನ್ನಡ ಕೇಳುವ ಅವಕಾಶ ಕಡಿಮೆಯಿರುವ ಹೊರನಾಡಿನ, ಹೊರದೇಶದ ಮನೆಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಒಮ್ಮೆಗೆ ಒಂದೇ ಸಾಮಗ್ರಿಯನ್ನು, ಎರಡು ಮೂರು ಉಪಕರಣಗಳೊಡನೆ ಕೊಟ್ಟು, ಕೆಲವು ದಿನ ಅದನ್ನೇ ಮುಂದುವರಿಸಿದರೆ ಮಗುವಿನ ಗಮನ ಆಳಕ್ಕಿಳಿಯುತ್ತದೆ.

ಕೆಲವು ಮಕ್ಕಳು ಜಿಗುಟಾದ ಅಥವಾ ಒದ್ದೆಯಾದ ವಸ್ತುವನ್ನು ಮುಟ್ಟಲು ಒಪ್ಪುವುದಿಲ್ಲ. ಅಂಥವರ ಕೈಹಿಡಿದು ಅದ್ದಿಸುವುದು ಭಯವನ್ನು ಹೆಚ್ಚಿಸುತ್ತದೆ. ಮೊದಲು ಚಮಚ ಅಥವಾ ಕುಂಚದಿಂದ ಮುಟ್ಟಲು, ಬಳಿಕ ಮುಚ್ಚಿದ ಪಾರದರ್ಶಕ ಚೀಲದೊಳಗಿನ ಹಿಟ್ಟನ್ನು ಹೊರಗಿನಿಂದ ಒತ್ತಲು ಬಿಟ್ಟು, ಬೆರಳ ತುದಿಯವರೆಗೆ ಬರುವುದನ್ನು ಮಗುವಿನ ಇಷ್ಟಕ್ಕೇ ಬಿಡಬೇಕು. ಬಟ್ಟೆ, ಊಟ, ಸದ್ದು, ಸ್ನಾನ ಎಲ್ಲದರಲ್ಲೂ ಇಂತಹ ತೀವ್ರ ಹಿಂಜರಿಕೆ ಕಂಡುಬಂದರೆ, ಅಥವಾ ಜೊತೆಗೆ ಮಾತು ತಡವಾಗಿದ್ದರೆ, ಮಕ್ಕಳ ವೈದ್ಯರ ಸಲಹೆ ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಮತ್ತು 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಮಕ್ಕಳ ತಪಾಸಣೆಗೆ ವ್ಯವಸ್ಥೆಯಿದೆ.

ಶುಚಿತ್ವ ಮತ್ತು ಆರಂಭ

ಆಟದ ಮೊದಲೂ ನಂತರವೂ ಸಾಬೂನಿನಿಂದ ಕೈತೊಳೆಸುವುದು, ಹಳೆಯ ಚಾಪೆ ಅಥವಾ ಹೊದಿಕೆ ಹಾಸುವುದು, ಭೇದಿ ಅಥವಾ ನೆಗಡಿಯಿರುವ ಮಗುವಿಗೆ ಸಾಮಗ್ರಿಯನ್ನು ಬೇರೆಯಾಗಿ ಕೊಡುವುದು, ತಯಾರಿಸಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆಯುವುದು ಇವಿಷ್ಟು ನಿಯಮಗಳು ಮನೆಗೂ ಅಂಗನವಾಡಿಗೂ ಸಾಕು. ಚೆಲ್ಲಿದ್ದನ್ನು ಒಟ್ಟುಗೂಡಿಸುವುದರಲ್ಲಿ, ಪಾತ್ರೆ ಒರೆಸುವುದರಲ್ಲಿ ಮಗುವನ್ನೂ ಸೇರಿಸಿಕೊಂಡರೆ ಅದೂ ಆಟದ ಭಾಗವೇ ಆಗುತ್ತದೆ.

ಇವೆಲ್ಲವನ್ನೂ ಒಮ್ಮೆಲೇ ತಯಾರಿಸುವ ಅಗತ್ಯವಿಲ್ಲ. ಎರಡರೊಳಗಿನ ಮಗುವಿರುವ ಮನೆಯಲ್ಲಿ ಉಕ್ಕರಿಸಿದ ಅಕ್ಕಿಹಿಟ್ಟು ಮತ್ತು ಬಟ್ಟೆಯ ತುಂಡುಗಳಿಂದ, ಮೂರು ದಾಟಿದವರಿರುವ ಮನೆಯಲ್ಲಿ ಮೈದಾ ಮುದ್ದೆ ಮತ್ತು ಸದ್ದಿನ ಡಬ್ಬಿಗಳಿಂದ ಆರಂಭಿಸಿ, ಮಗು ಯಾವುದರಲ್ಲಿ ಹೆಚ್ಚು ಹೊತ್ತು ತೊಡಗುತ್ತದೆ ಎಂಬುದನ್ನು ಗಮನಿಸಿ ಮುಂದಿನದನ್ನು ಆರಿಸಬಹುದು. ಬಾಯಿಗೆ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಖಚಿತ ಉತ್ತರ ತಿಳಿದ ಸಾಮಗ್ರಿಯನ್ನಷ್ಟೇ ಕೊಟ್ಟು, ಕೊಟ್ಟ ಮೇಲೆ ಮಗುವಿನ ಪಕ್ಕದಲ್ಲಿ ಸಮಯ ಕಳೆಯಲು ಸಿದ್ಧರಿರುವ ಯಾವ ತಾಯಿ, ತಂದೆ, ಅಜ್ಜಿ, ಅಜ್ಜ ಅಥವಾ ಅಂಗನವಾಡಿ ಕಾರ್ಯಕರ್ತೆಯೂ ಈ ಕಲಿಕೆಯನ್ನು ಹೆಚ್ಚಿನ ಖರ್ಚಿಲ್ಲದೆ ಒದಗಿಸಬಲ್ಲರು.